ಜ್ವರ ಇಳಿದರೂ ಇಳಿಯದ ಸನ್ನಿ

ಮನೆಮಂದಿಗೆಲ್ಲ ಫ್ಲೂ ಬಂದು ಹೋಗುತ್ತದೆ. ಮಕ್ಕಳು ನಾಲ್ಕನೇ ದಿನಕ್ಕೆ ಆಟಕ್ಕಿಳಿಯುತ್ತಾರೆ. ಆಲ್ಝೈಮರ್ ಇರುವ ಅಜ್ಜಿ ಮಾತ್ರ ಬಚ್ಚಲಿನ ದಾರಿ ತಿಳಿಯದೆ ನಡುಮನೆಯಲ್ಲಿ ನಿಂತಿರುತ್ತಾರೆ. ಮೊನ್ನೆಯವರೆಗೆ ತಾವೇ ಹೋಗಿ ಬರುತ್ತಿದ್ದವರು. ರಾತ್ರಿಯಾದರೆ ಎಂದೋ ತೀರಿಕೊಂಡ ಅಣ್ಣನನ್ನು ಕರೆಯುತ್ತಾರೆ. ‘ಕಾಯಿಲೆ ಜಾಸ್ತಿಯಾಯಿತು’ ಎಂದು ಮನೆಯವರು ಕೈಚೆಲ್ಲುತ್ತಾರೆ. ಎಡವುವುದು ಅಲ್ಲೇ. ಆಲ್ಝೈಮರ್ ತಿಂಗಳು, ವರ್ಷಗಳ ಲೆಕ್ಕದಲ್ಲಿ ನಡೆಯುವ ಕಾಯಿಲೆ. ಎರಡೇ ದಿನದಲ್ಲಿ ಇಷ್ಟು ಬದಲಾವಣೆ ಕಂಡರೆ ಬೇರೆ ಕಾರಣ ಹುಡುಕಬೇಕು. ನಮ್ಮ ಹಿರಿಯರು ಇದನ್ನು ಸನ್ನಿ ಎನ್ನುತ್ತಿದ್ದರು. ವೈದ್ಯರ ಮಾತಿನಲ್ಲಿ ಇದು ಡೆಲಿರಿಯಂ.

ವೈರಸ್ ಇರುವುದು ಮೂಗು-ಗಂಟಲಲ್ಲಿ, ಕೆಡುವುದು ತಲೆ. ಅದು ಹೇಗೆ? ಸೋಂಕು ತಗುಲಿದಾಗ ರೋಗನಿರೋಧಕ ಕೋಶಗಳು ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ರಕ್ತ ಮತ್ತು ನರಗಳ ದಾರಿಯಲ್ಲಿ ಸುದ್ದಿ ಮಿದುಳಿಗೂ ಮುಟ್ಟುತ್ತದೆ. ಅಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಆರೋಗ್ಯವಂತರಲ್ಲಿ ಅವು ಸ್ವಲ್ಪ ಎಚ್ಚೆತ್ತು ಮತ್ತೆ ಸುಮ್ಮನಾಗುತ್ತವೆ. ಜ್ವರ ಬಂದಾಗಿನ ಮಂಕು, ನಿದ್ದೆ, ಊಟ ಬೇಡವೆನ್ನಿಸುವುದು ಇದರ ಫಲವೇ. ನರಕೋಶಗಳು ಸಾಯುತ್ತಿರುವ ಮಿದುಳಿನಲ್ಲಿ ಇವೇ ಕೋಶಗಳು ವರ್ಷಗಳಿಂದ ಕೆರಳಿ ಕೂತಿರುತ್ತವೆ. ಬೂದಿ ಮುಚ್ಚಿದ ಕೆಂಡಕ್ಕೆ ಗಾಳಿ ತಾಗಿದಂತೆ ಸಣ್ಣ ಸುದ್ದಿಗೂ ಭಗ್ಗೆನ್ನುತ್ತವೆ, ಅಳಿದುಳಿದ ನರಕೋಶಗಳಿಗೂ ಹಾನಿ ಮಾಡುತ್ತವೆ.

ಹಾನಿ ಜ್ವರದೊಂದಿಗೇ ಮುಗಿಯುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಕ್ಲೈವ್ ಹೋಮ್ಸ್ ತಂಡ ಆಲ್ಝೈಮರ್ ಇದ್ದ 300 ಜನರನ್ನು ಆರು ತಿಂಗಳು ಗಮನಿಸಿ 2009ರಲ್ಲಿ ವರದಿ ಮಾಡಿತು. ಆ ಅವಧಿಯಲ್ಲಿ ಸೋಂಕು, ಪೆಟ್ಟಿನಂಥ ಉರಿಯೂತಕ್ಕೆ ಒಳಗಾದವರ ಬುದ್ಧಿಶಕ್ತಿ ಉಳಿದವರಿಗಿಂತ ಎರಡು ಪಟ್ಟು ವೇಗದಲ್ಲಿ ಕುಂದಿತ್ತು.

ಒಳಗೇ ಅಡಗಿರುವ ವೈರಸ್‌ಗಳ ಕಥೆ ಬೇರೆ. ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ ನರಗಂಟುಗಳಲ್ಲಿ ದಶಕಗಳ ಕಾಲ ಮಲಗಿದ್ದು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಏಳಬಹುದು. ವೇಲ್ಸ್‌ನಲ್ಲಿ 2013ರಲ್ಲಿ ಸರ್ಪಸುತ್ತಿನ ಲಸಿಕೆ ಕೊಡತೊಡಗಿದಾಗ, 1933ರ ಸೆಪ್ಟೆಂಬರ್ 2ಕ್ಕೂ ಮೊದಲು ಹುಟ್ಟಿದವರಿಗೆ ಅದು ಸಿಗಲಿಲ್ಲ. ಕೆಲವೇ ದಿನ ಹಿಂದೆ-ಮುಂದೆ ಹುಟ್ಟಿದ್ದರಿಂದ ಜನ ಎರಡು ಗುಂಪಾದರು. ಹೋಲಿಕೆಗೆ ಇಷ್ಟು ಒಳ್ಳೆಯ ಅವಕಾಶ ಮತ್ತೆಲ್ಲಿ ಸಿಕ್ಕೀತು? ಏಳು ವರ್ಷಗಳಲ್ಲಿ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಸುಮಾರು ಶೇ. 20ರಷ್ಟು ಕಡಿಮೆಯಿತ್ತು ಎಂದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗೆಂದು ವೈರಸ್ ಕೊಲ್ಲುವ ಮಾತ್ರೆ ನುಂಗಿದರೆ ಮರೆವು ನಿಲ್ಲುವುದಿಲ್ಲ. ಹೆಸರಿನಲ್ಲೇ ದಾವಣಗೆರೆಯನ್ನು ಹೊತ್ತಿರುವ, ಕೊಲಂಬಿಯಾ ವಿಶ್ವವಿದ್ಯಾಲಯದ ಡಾ. ದಾವಣಗೆರೆ ದೇವಾನಂದ್ ಅವರ ತಂಡ, ಹೀಗೇ ಅಡಗಿ ಕೂರುವ ಹರ್ಪಿಸ್ ವೈರಸ್‌ನ ಸೋಂಕಿದ್ದ, ಆಲ್ಝೈಮರ್‌ನ ಆರಂಭಿಕ ಹಂತದ 120 ರೋಗಿಗಳ ಮೇಲೆ ವಾಲಾಸೈಕ್ಲೋವಿರ್ ಎಂಬ ಅಂಥ ಮಾತ್ರೆಯ ಪ್ರಯೋಗ ನಡೆಸಿತು. 78 ವಾರಗಳಾದರೂ ಪ್ರಯೋಜನ ಕಾಣಲಿಲ್ಲ.

ಮನೆಯವರ ಕೈಯಲ್ಲಿರುವುದು ಸೋಂಕು ತಡೆಯುವುದು, ಬಂದರೆ ಬೇಗ ಗುರುತಿಸುವುದು. ಮುಪ್ಪಿನಲ್ಲಿ ಎಷ್ಟೋ ಸಲ ಮೈ ಬಿಸಿಯೇ ಆಗುವುದಿಲ್ಲ, ಮರೆವಿರುವವರು ನೋವನ್ನು ಹೇಳಲಾರರು. ಇದ್ದಕ್ಕಿದ್ದಂತೆ ಕಾಣುವ ಗಲಿಬಿಲಿ ಅಥವಾ ಅತಿ ಮಂಕುತನವೇ ಸೋಂಕಿನ ಮೊದಲ ಲಕ್ಷಣವಾಗಿರಬಹುದು. ‘ಮೊನ್ನೆಯವರೆಗೆ ಇವರು ಹೀಗಿರಲಿಲ್ಲ’ ಎಂಬ ಮಾತನ್ನು ಡಾಕ್ಟರ ಮುಂದೆ ಜೊತೆಗಿರುವವರೇ ಹೇಳಬೇಕು.