ಹೂಮಳೆ (ಕೊಡಗು)

ಹೂಮಳೆ ಎಂಬುದು ಕೊಡಗು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಪ್ರದೇಶದಲ್ಲಿ ಸಾಮಾನ್ಯವಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗುಡುಗು ಮಿಂಚುಗಳೊಡನೆ ಸುರಿಯುವ ಮುಂಗಾರುಪೂರ್ವ ಮಳೆಗೆ ಬೆಳೆಗಾರರು ಬಳಸುವ ಹೆಸರು. ಕಾಫಿ ಗಿಡದ ಮೊಗ್ಗು ಅರಳುವುದು ಈ ಮಳೆಯಿಂದಲೇ. ಮಡಿಕೇರಿ–ಸಿದ್ದಾಪುರ ರಸ್ತೆಯಲ್ಲಿರುವ ಚೆಟ್ಟಳ್ಳಿಯಂತಹ ಗ್ರಾಮಗಳಲ್ಲಿ ವರ್ಷದ ಫಸಲು ಬಹುಮಟ್ಟಿಗೆ ಇಂತಹ ಒಂದೆರಡು ಮಳೆಗಳನ್ನು ಅವಲಂಬಿಸಿರುತ್ತದೆ.

ಉಂಟಾಗುವ ಬಗೆ

ಬೇಸಿಗೆಯ ಬಿಸಿಲಿಗೆ ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರವಾಗಿ ಮೇಲೇರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ತೇವಾಂಶ ಮತ್ತು ಪಶ್ಚಿಮ ಘಟ್ಟದ ಇಳಿಜಾರುಗಳು ಈ ಏರಿಕೆಗೆ ನೆರವಾಗುತ್ತವೆ. ಮಧ್ಯಾಹ್ನದ ವೇಳೆಗೆ ಗಾಳಿಯಲ್ಲಿನ ಆವಿ ಸಾಂದ್ರೀಕರಿಸಿ, ಹತ್ತು ಕಿ.ಮೀ.ಗೂ ಹೆಚ್ಚು ಎತ್ತರದ ಗುಡುಗುಮೋಡಗಳಾಗಿ ಬೆಳೆಯಬಹುದು. ಮೋಡದೊಳಗಿನ ಹಿಮಕಣಗಳ ಘರ್ಷಣೆಯಿಂದ ವಿದ್ಯುದಾವೇಶ ಉಂಟಾಗಿ ಮಿಂಚು ಹೊಮ್ಮುತ್ತದೆ. ಮೇಲ್ಮುಖ ಗಾಳಿ ಪ್ರಬಲವಾಗಿದ್ದರೆ ಆಲಿಕಲ್ಲು ಬೀಳುತ್ತದೆ. ಒಂದೊಂದು ಮೋಡದ ವ್ಯಾಪ್ತಿ ಕೆಲವೇ ಕಿ.ಮೀ. ಆದುದರಿಂದ ಒಂದು ತೋಟದಲ್ಲಿ ಉತ್ತಮ ಮಳೆಯಾದ ದಿನವೇ ಪಕ್ಕದ ತೋಟ ಒಣಗಿರುವುದುಂಟು.

ಕಾಫಿ ಬೆಳೆಯೊಂದಿಗಿನ ಸಂಬಂಧ

ಒಣಹವೆಯಲ್ಲಿ ಸುಪ್ತಾವಸ್ಥೆಯಲ್ಲಿರುವ ರೊಬಸ್ಟಾ ಮೊಗ್ಗುಗಳು ಅರಳಲು ಸುಮಾರು 25ರಿಂದ 40 ಮಿ.ಮೀ. ಮಳೆ ಬೇಕು. ಮಳೆಯಾದ ಎಂಟು–ಹತ್ತು ದಿನಗಳಲ್ಲಿ ತೋಟ ಬಿಳಿ ಹೂಗಳಿಂದ ತುಂಬುತ್ತದೆ. ಮಳೆ ಸಾಲದಾದರೆ ಮೊಗ್ಗುಗಳು ಅರೆಬರೆಯಾಗಿ ಅರಳಿ ಕಾಯಿ ಕಟ್ಟದೆ ಹೋಗುತ್ತವೆ. ರೊಬಸ್ಟಾ ಪರಕೀಯ ಪರಾಗಸ್ಪರ್ಶದ ಬೆಳೆಯಾಗಿದ್ದು, ಗಾಳಿಯನ್ನೂ ಜೇನ್ನೊಣಗಳನ್ನೂ ಅವಲಂಬಿಸಿದೆ. ಹೀಗಾಗಿ ಹೂವು ಅರಳಿದ ದಿನವೇ ಬಿರುಸಿನ ಮಳೆ ಸುರಿದರೆ ನಷ್ಟ ಉಂಟಾಗುತ್ತದೆ. ಎರಡು–ಮೂರು ವಾರಗಳ ಬಳಿಕ ಎಳೆಯ ಕಾಯಿಗಳು ಉಳಿಯಲು ಮತ್ತೊಂದು ಮಳೆ ಅಗತ್ಯ; ಇದನ್ನು ಬೆಳೆಗಾರರು ‘ಬ್ಯಾಕಿಂಗ್ ಮಳೆ’ ಎನ್ನುತ್ತಾರೆ. ಮಳೆ ಬಾರದಿದ್ದರೆ ಕೆರೆ, ಹೊಳೆಗಳ ನೀರನ್ನು ತುಂತುರು ನೀರಾವರಿಯ ಮೂಲಕ ಹಾಯಿಸುತ್ತಾರೆ. ಅವಧಿಗೆ ಮುನ್ನವೇ ಮಳೆ ಬಂದರೆ ಕಣದಲ್ಲಿ ಒಣಹಾಕಿದ ಕಾಫಿ ನೆನೆಯುತ್ತದೆ.

ಅಳತೆ ಮತ್ತು ಮುನ್ಸೂಚನೆ

ಅಮೆರಿಕದ ಬಯಲು ಸೀಮೆಯಲ್ಲಿ ಬಿರುಗಾಳಿಯನ್ನು ವಾಹನಗಳಲ್ಲಿ ಬೆನ್ನಟ್ಟಿ ವೀಕ್ಷಿಸುವ ಹವ್ಯಾಸವಿದೆ. ಡೇವಿಡ್ ಹೋಡ್ಲಿ 1956ರಲ್ಲಿ ಇದನ್ನು ಆರಂಭಿಸಿದವರಲ್ಲಿ ಪ್ರಮುಖರು. ಬೆಟ್ಟ, ಮರಗಳು ದಿಗಂತವನ್ನು ಮರೆಮಾಡುವ ಕೊಡಗಿನಲ್ಲಿ ಅಂತಹ ವೀಕ್ಷಣೆ ಕಷ್ಟಸಾಧ್ಯ. ಇಲ್ಲಿ ಮೋಡದ ಜಾಡು ತಿಳಿಯುವುದು ಮಳೆಮಾಪಕಗಳಿಂದ. ಅನೇಕ ತೋಟಗಳಲ್ಲಿ ದಿನಂಪ್ರತಿ ಮಳೆಯನ್ನು ದಾಖಲಿಸುವ ಪರಿಪಾಠವಿದೆ. ಇಂಚಿನ ನೂರನೇ ಒಂದು ಭಾಗವನ್ನು ‘ಸೆಂಟ್’ ಎಂದು ಲೆಕ್ಕ ಹಾಕುವ ರೂಢಿ ಇಂದಿಗೂ ಉಳಿದಿದೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಹಾಗೂ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ‘ದಾಮಿನಿ’ ಮೊಬೈಲ್ ತಂತ್ರಾಂಶಗಳು ಸಿಡಿಲಿನ ಮುನ್ನೆಚ್ಚರಿಕೆ ನೀಡುತ್ತವೆ.

ಸಿಡಿಲಿನ ಅಪಾಯ

ಹೂಮಳೆಯ ಕಾಲದಲ್ಲೇ ಕರಿಮೆಣಸಿನ ಕೊಯ್ಲೂ ನಡೆಯುವುದರಿಂದ ಕಾರ್ಮಿಕರು ಎತ್ತರದ ಸಿಲ್ವರ್ ಓಕ್ ಮರಗಳಿಗೆ ಏಣಿ ಚಾಚಿ ಕೆಲಸ ಮಾಡುತ್ತಿರುತ್ತಾರೆ. ಮಳೆಯಿಂದ ಮರೆ ಪಡೆಯಲು ಮರದಡಿ ನಿಲ್ಲುವುದು ಅತ್ಯಂತ ಅಪಾಯಕಾರಿ; ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿರುವವರಿಗೆ ಹಾಯಬಹುದು, ನೆಲದ ಮೂಲಕವೂ ಹರಡಬಹುದು. ಶಬ್ದವು ಒಂದು ಕಿ.ಮೀ. ಕ್ರಮಿಸಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ ಎಂದರ್ಥ. ಆಗ ಕೆಲಸ ನಿಲ್ಲಿಸಿ ಭದ್ರವಾದ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು.