ಗ್ರಾಮವೈದ್ಯರೂ ವೈದ್ಯಜ್ಞಾನವೂ

ಭದ್ರಾ ನಾಲೆಯ ನೀರು ಹರಿದು ಮಲೇಬೆನ್ನೂರು, ಹರಿಹರ, ದಾವಣಗೆರೆಗಳ ಸುತ್ತಣ ಭೂಮಿಯು ಬತ್ತದ ಗದ್ದೆಯಾಗಿರುವುದು ನಮ್ಮ ಸೀಮೆಯ ಭಾಗ್ಯವೇ ಸರಿ. ಆದರೆ ಬತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ೨೦೦೦ರಿಂದ ೨೦೧೯ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು ೧೨ ಲಕ್ಷವೆಂದೂ, ಎಂದರೆ ವರ್ಷಕ್ಕೆ ಸರಾಸರಿ ೫೮,೦೦೦ವೆಂದೂ ೨೦೨೦ರಲ್ಲಿ ಸಂಶೋಧಕರು ಅಂದಾಜು ಮಾಡಿ ಪ್ರಕಟಿಸಿದರು. ಸತ್ತವರಲ್ಲಿ ಬಹುಮಂದಿ ಹಳ್ಳಿಯವರು. ಕರ್ನಾಟಕ ಸರ್ಕಾರದವರು ೨೦೨೪ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಗಳ ಸಾಲಿಗೆ ಸೇರಿಸಿದುದು ಸರ್ವಥಾ ಯೋಗ್ಯವಾದ ಕಾರ್ಯವಾಗಿದೆ. ಆದರೆ ಲೆಕ್ಕ ಬರೆದ ಮಾತ್ರಕ್ಕೆ ಜೀವ ಉಳಿಯುವುದಿಲ್ಲ.

ರಾತ್ರಿ ಎರಡು ಗಂಟೆಯ ವೇಳೆಗೆ ಒಬ್ಬ ರೈತನು ತನ್ನ ಮಗುವನ್ನು ಹೊತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದನೆಂದು ವಾಚಕರು ಭಾವಿಸಿಕೊಳ್ಳಲಿ. ಮೂವತ್ತು ಸಾವಿರ ಜನರಿಗೆ ಒಂದೆಂಬ ನಿಯಮದಂತೆ ಏರ್ಪಟ್ಟ ಆ ಕೇಂದ್ರದಲ್ಲಿ, ಈಚೆಗೆ ಕಾಲೇಜು ಬಿಟ್ಟು ಬಂದ ತರುಣ ಡಾಕ್ಟರೊಬ್ಬನೇ ಇರುವನು. ಕಟ್ಟುಹಾವು ಮಲಗಿದವರನ್ನು ಕಡಿದರೆ ಗಾಯದ ಗುರುತೇ ಕಾಣದಿರಬಹುದು. ರೆಪ್ಪೆ ಜೋಲುವುದೊಂದೇ ಮೊದಲ ಸೂಚನೆಯಾಗಬಹುದು. ಕೊಳಕುಮಂಡಲದ ವಿಷವಾದರೋ ರಕ್ತವನ್ನು ಹೆಪ್ಪುಗಟ್ಟಗೊಡದು. ಇದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಎರಡು ಮಿಲಿಲೀಟರು ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಗೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಬಳಿಕ ಬಾಗಿಸಿ ನೋಡಿದರೆ ಸಾಕು. ಪ್ರತಿವಿಷದ ಪ್ರಮಾಣವು ಮಗುವಿಗೂ ದೊಡ್ಡವರಿಗೂ ಒಂದೇ. ಏಕೆಂದರೆ ಹಾವು ಮಗುವೆಂದು ಕನಿಕರಿಸಿ ವಿಷವನ್ನು ಕಡಮೆ ಬಿಡುವುದಿಲ್ಲ. ಪ್ರತಿವಿಷವು ಮೈಗೆ ಒಗ್ಗದೆ ಉಸಿರು ಕಟ್ಟಿದರೆ ಅಡ್ರಿನಲಿನ್ ಕೈಯಲ್ಲಿ ಸಿದ್ಧವಿರಬೇಕು. ಇಷ್ಟು ತಿಳಿದವನು ಚಿಕಿತ್ಸೆಯನ್ನು ಅಲ್ಲಿಯೇ ಆರಂಭಿಸುವನು. ನೆನಪು ಕೈಕೊಟ್ಟವನು ಮಗುವೆಂದು ಅರ್ಧ ಪ್ರಮಾಣ ಕೊಡುವನು. ಇಲ್ಲವೆ ಏನನ್ನೂ ಕೊಡದೆ ದಾವಣಗೆರೆಗೆ ಸಾಗಹಾಕುವನು. ದಾರಿಯಲ್ಲಿ ಕಳೆದ ಹೊತ್ತನ್ನು ಯಾವ ದೊಡ್ಡ ಆಸ್ಪತ್ರೆಯೂ ಮರಳಿ ಕೊಡಲಾರದು.

ಪುಸ್ತಕದಲ್ಲಿ ಉಳಿದ ವಿದ್ಯೆಯು ಸಮಯಕ್ಕೆ ಒದಗದೆಂದು ಪಾಠಶಾಲೆಯಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಆದರೆ ಇಂದು ಪುಸ್ತಕವೇ ಅಂಗಿಯ ಜೇಬಿನಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ೨೦೧೯ರಿಂದೀಚೆಗೆ ಅನೇಕ ವ್ಯಾಧಿಗಳ ಚಿಕಿತ್ಸಾಕ್ರಮವನ್ನು ಒಂದೊಂದು ಹಾಳೆಯಲ್ಲಿ ಅಡಗಿಸಿ, ಮೊಬೈಲಿನಲ್ಲಿ ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿರುವರು. ಅದೇ ವರ್ಷ ಆರಂಭವಾದ ಇ-ಸಂಜೀವನಿಯ ಮೂಲಕ ಗ್ರಾಮವೈದ್ಯನು ದೂರದ ತಜ್ಞನನ್ನು ಕೇಳಬಹುದಾಗಿದೆ. ಇವೆರಡನ್ನೂ ನಾವು ಮನಃಪೂರ್ವಕವಾಗಿ ಶ್ಲಾಘಿಸುತ್ತೇವೆ.

ಆದರೆ ಇಷ್ಟರಿಂದಲೇ ತೃಪ್ತರಾಗಲಾಗದು. ಪ್ರಾಥಮಿಕ ಚಿಕಿತ್ಸೆಯ ವೈದ್ಯರಿಗಾಗಿಯೇ ಬ್ರಿಟನ್ನಿನ 'ನೈಸ್' ಸಂಸ್ಥೆಯವರು ನೂರಾರು ವಿಷಯಗಳ ಸಾರಸಂಗ್ರಹಗಳನ್ನು ಅಂತರ್ಜಾಲದಲ್ಲಿ ಇಟ್ಟಿರುವರು. ಅವು ಆ ದೇಶದವರಿಗೆ ಮುಕ್ತವಾಗಿವೆ, ಹೊರಗಿನವರಿಗೆ ಬಾಗಿಲು ಮುಚ್ಚಿದೆ. 'ಅಪ್‌ಟುಡೇಟ್' ಎಂಬುದು ಚಂದಾ ತೆತ್ತವರ ಸೊತ್ತು. ನಮ್ಮ ಕೇಂದ್ರ ಸರ್ಕಾರದವರು ೨೦೨೪ರ ನವೆಂಬರಿನಲ್ಲಿ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಗೆ ಮೂರು ವರ್ಷಗಳಿಗಾಗಿ ಸುಮಾರು ೬,೦೦೦ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದರು. ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳು ೬,೩೦೦ ಸರ್ಕಾರಿ ವಿದ್ಯಾಸಂಸ್ಥೆಗಳಿಗೂ ಸಂಶೋಧನಾಲಯಗಳಿಗೂ ದೊರೆಯುವಂತಾದುದು ಸಂತೋಷದ ಸಂಗತಿ. ಆದರೆ ಹಳ್ಳಿಯ ಆರೋಗ್ಯ ಕೇಂದ್ರವು ವಿದ್ಯಾಸಂಸ್ಥೆಯೂ ಅಲ್ಲ, ಸಂಶೋಧನಾಲಯವೂ ಅಲ್ಲ. ಆದುದರಿಂದ ಈ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕಿಲ್ಲ. ಹಾಕಿದ್ದರೂ, ನಡುರಾತ್ರಿಯಲ್ಲಿ ಪತ್ರಿಕೆಗಳ ರಾಶಿಯನ್ನು ಸೋಸಿ ನೋಡಲು ಆ ಡಾಕ್ಟರಿಗೆ ಬಿಡುವೆಲ್ಲಿದೆ? ಅವನಿಗೆ ಬೇಕಾದುದು ಕಡೆದು ತೆಗೆದ ಬೆಣ್ಣೆ.

ಫಿನ್ಲೆಂಡ್ ದೇಶದ ದೃಷ್ಟಾಂತವು ಇಲ್ಲಿ ಮನನೀಯವಾಗಿದೆ. ಆ ಸಣ್ಣ ನಾಡು ರಷ್ಯದ ಚಕ್ರವರ್ತಿಯ ಅಧೀನದಲ್ಲಿದ್ದು, ವಿದ್ವಾಂಸರಲ್ಲಿ ಬಹುಮಂದಿ ಸ್ವೀಡಿಷ್ ಭಾಷೆಯಲ್ಲಿ ವ್ಯವಹರಿಸುತ್ತಿದ್ದ ಕಾಲದಲ್ಲಿ, ೧೮೮೧ರಲ್ಲಿ, ಕೆಲವರು ಕೂಡಿ ವೈದ್ಯಶಾಸ್ತ್ರವನ್ನು ತಾಯ್ನುಡಿಯಲ್ಲಿ ಬೆಳೆಸಲು 'ದುಯೊದೆಕಿಮ್' ಎಂಬ ಸಂಘವನ್ನು ಕಟ್ಟಿದರು. ಹನ್ನೆರಡು ಎಂಬುದೇ ಆ ಹೆಸರಿನ ಅರ್ಥ. ಪ್ರಾಥಮಿಕ ವೈದ್ಯರಿಗಾಗಿ ಅದೇ ಸಂಘವು ಸಿದ್ಧಪಡಿಸಿದ ಕೈಪಿಡಿಯು ೧೯೮೯ರಲ್ಲಿಯೇ ಕಂಪ್ಯೂಟರಿಗೆ ಬಂದಿತು. ಅವರಿಗೆ ಸಾಧ್ಯವಾದುದು ಕೋಟಿಗಟ್ಟಲೆ ಜನರಾಡುವ ಕನ್ನಡಕ್ಕೆ ಅಸಾಧ್ಯವೇ? ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅವನ ಮದ್ದುಗಳು ಇಂದಿನ ಪ್ರತಿವಿಷಕ್ಕೆ ಬದಲಾಗಲಾರವು. ಆದರೆ ಜನರ ಪ್ರಾಣಕ್ಕೆ ಸಂಬಂಧಿಸಿದ ಜ್ಞಾನವು ಜನರ ನುಡಿಯಲ್ಲಿರಬೇಕೆಂಬ ಅವನ ಬುದ್ಧಿ ಇಂದಿಗೂ ಹಳತಾಗಿಲ್ಲ.

ರೋಗಿಯ ಎದುರಿಗೆ ಮೊಬೈಲು ನೋಡುವ ಡಾಕ್ಟರಿಗೆ ಏನೂ ಬಾರದೆಂದು ಆಡಿಕೊಳ್ಳುವವರುಂಟು. ಕಾನೂನಿನ ಪುಸ್ತಕವನ್ನು ತೆರೆದು ನೋಡಿ ತೀರ್ಪು ಕೊಡುವ ನ್ಯಾಯಾಧೀಶರನ್ನು ನಾವು ಅಜ್ಞರೆನ್ನುವೆವೇ? ನೋಡಿ ತಿಳಿಯುವುದು ಅವಮಾನವಲ್ಲ. ತಿಳಿಯದೆ ಊಹಿಸುವುದು ಅಪಾಯ. ಆದರೆ ಓದುವ ಮೂಲವು ಔಷಧಿ ಮಾರುವವರದೋ, ಪಕ್ಷಪಾತವಿಲ್ಲದ ವಿದ್ವಾಂಸರದೋ ಎಂಬುದನ್ನು ಡಾಕ್ಟರು ವಿವೇಚಿಸತಕ್ಕದ್ದು. ನಾಡಿ ಹಿಡಿಯುವ ಕೈಯ ಕೆಲಸವನ್ನು ಮೊಬೈಲು ಮಾಡಲಾರದು. ಬೀರುವಿನಲ್ಲಿ ಪ್ರತಿವಿಷವಿಲ್ಲದಿದ್ದರೆ ಎಲ್ಲ ಓದೂ ವ್ಯರ್ಥ. ಹರಿಹರದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವಂತೆ, ಅರಿವೂ ಔಷಧವೂ ಒಂದೇ ಕೋಣೆಯಲ್ಲಿ ಇರಬೇಕು.

ಆದುದರಿಂದ ನಾವು ಒತ್ತಾಯಪಡಿಸುವುದು ಇಷ್ಟು. ಕಾಲೇಜುಗಳಿಗೆ ಪತ್ರಿಕೆಗಳನ್ನು ಕೊಂಡಂತೆಯೇ, ಒಂದು ಉತ್ತಮ ಚಿಕಿತ್ಸಾಸಂಗ್ರಹವನ್ನು ಸರ್ಕಾರದವರು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕೊಂಡುಕೊಡಲಿ. ೧೯೬೫ರಿಂದ ವೈದ್ಯರನ್ನು ತಯಾರಿಸುತ್ತಿರುವ ಜೆ. ಜೆ. ಎಂ. ಕಾಲೇಜಿನ ನಗರವಾದ ದಾವಣಗೆರೆಯ ಅಧ್ಯಾಪಕ ಮಹಾಶಯರು, ನರ್ಸುಗಳಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಯುವಂತೆ ಆ ಹಾಳೆಗಳನ್ನು ತಿಳಿಗನ್ನಡಕ್ಕೆ ತಂದು ವರ್ಷವರ್ಷವೂ ತಿದ್ದಿಕೊಡಲಿ. ಪ್ರತಿವಿಷದ ಸೀಸೆಗಳೆಷ್ಟಿವೆಯೆಂಬ ಲೆಕ್ಕವನ್ನು ಮಳೆಗಾಲಕ್ಕೆ ಮೊದಲೇ ಪ್ರತಿ ಕೇಂದ್ರದ ಗೋಡೆಯ ಮೇಲೆ ಬರೆಯಿಸಲಿ. ನಮ್ಮ ರೈತಬಂಧುಗಳು ಕಡಿದ ಜಾಗವನ್ನು ಬಿಗಿದು ಕಟ್ಟದೆ, ಕೊಯ್ಯದೆ, ಬಾಯಿಂದ ಹೀರದೆ, ಮಂತ್ರ ಹಾಕಿಸಲು ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಬರಲಿ. ಅವರು ನಂಬಿ ಬಂದಾಗ ಅಲ್ಲಿರುವ ಡಾಕ್ಟರಿಗೆ ಏನು ಮಾಡಬೇಕೆಂಬುದು ತಿಳಿದಿರುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ.