ಗೋಡೆಯ ಮೇಲಿನ ದಂಡಿನ ಬಂದೂಕು

ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವು ಬೆಳಗಾವಿಯಲ್ಲಿದೆ. ಸಿಪಾಯಿಗಳ ಮನೆತನಗಳು ಈ ನಗರದಲ್ಲಿಯೂ ಖಾನಾಪುರದ ಹಳ್ಳಿಗಳಲ್ಲಿಯೂ ಉಂಟು. ಅಂಥದೊಂದು ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ದಂಡಿನ ಬಂದೂಕು ದೊರೆಯಿತೆನ್ನೋಣ. ‘ಹಳೆಯದಲ್ಲವೆ, ಶೋಭೆಗಿರಲಿ’ ಎಂದು ಅದನ್ನು ಗೋಡೆಗೆ ತೂಗುಹಾಕಬಹುದೆ?

1959ರ ಶಸ್ತ್ರಾಸ್ತ್ರ ಕಾಯಿದೆಯ 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ, ಪುರಾತನ ಬೆಲೆಯ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ದುರಸ್ತಿ ಮಾಡಿದರೂ ಅದು ಗುಂಡು ಹಾರಿಸಲಾರದಂತಿರಬೇಕು. ತುಕ್ಕು ಹಿಡಿದ ಮಾತ್ರಕ್ಕೆ ಸಾಲದು. ನಮ್ಮ ಕಡೆಯ ಕಮ್ಮಾರರ ಜಾಣ್ಮೆಯನ್ನು ಬಲ್ಲವರಿಗೆ ಈ ಷರತ್ತು ಎಷ್ಟು ಬಿಗಿಯಾದುದೆಂದು ತಿಳಿದೀತು.

.303 ರೈಫಲಿನ ತೊಡಕು ಇನ್ನೂ ಹಿರಿದು. ಸೈನ್ಯದ ತೋಟೆಯನ್ನು ಹಿಡಿಯುವ ಆ ನಳಿಗೆಯೇ ನಿಷಿದ್ಧವರ್ಗಕ್ಕೆ ಸೇರಿದುದು. ಅದಕ್ಕೆ ಕೇಂದ್ರ ಸರಕಾರದ ವಿಶೇಷ ಅನುಮತಿ ಬೇಕು. ಸರಕಾರಿ ಕಾರ್ಖಾನೆಯು ನಾಗರಿಕರಿಗಾಗಿ ಬೇರೆಯೇ ಅಳತೆಯ .315 ರೈಫಲನ್ನು ತಯಾರಿಸಿದುದು ಈ ಕಾರಣದಿಂದಲೇ.

2020ರ ನಿಯಮಗಳ ತಿದ್ದುಪಡಿಯು ಕೌತುಕವಸ್ತುವೆಂದು ಗಣಿಸಲ್ಪಟ್ಟ ಸಣ್ಣ ಆಯುಧಗಳನ್ನು ಇಟ್ಟುಕೊಳ್ಳಲು ಲೈಸೆನ್ಸು ಬೇಡವೆಂದಿತು. ಬಳಸಲು, ಸಾಗಿಸಲು ಮಾತ್ರ ಬೇಕು. ಆದುದರಿಂದ ಅಂಥದನ್ನು ಖಾನಾಪುರದ ಮನೆಯಿಂದ ಬೆಳಗಾವಿಯ ಮನೆಗೆ ಸುಮ್ಮನೆ ತರುವುದೂ ಅಪರಾಧವಾದೀತು. ಸಂದೇಹವುಳ್ಳವರು ಬಂದೂಕನ್ನು ಕದಲಿಸುವ ಮುನ್ನ ಸಮೀಪದ ಪೋಲೀಸು ಠಾಣೆಗೆ ಬರೆದು ತಿಳಿಸುವುದು ಲೇಸು.